ಕೀನ್ ಸಿಟ್ಟು ಕಾಣಿಸ್ತು, ಟೀಮ್ ಕಾಣಿಸ್ಲಿಲ್ಲ

ನಮಸ್ಕಾರ. ಮಂಡ್ಯದಿಂದ ನೀವು ಕಳ್ಸಿದ್ದ, ಮ್ಯಾಂಚೆಸ್ಟರ್ ಯುನೈಟೆಡ್‌ಗೂ ಐರ್ಲೆಂಡ್‌ಗೂ ಫುಟ್‌ಬಾಲ್ ಕ್ಯಾಪ್ಟನ್ ಆಗಿದ್ದ ರಾಯ್ ಕೀನ್ ಬಗ್ಗೆಯ ಲೇಖನ ಎರಡು ಸಲ ಓದ್ದೆ, ಒಂದ್ಸಲ ಇಲ್ಲಿ ಮೈಸೂರ್ ಆಫೀಸಲ್ಲಿ, ಇನ್ನೊಂದ್ಸಲ ರಾತ್ರಿ ಮನೇಲಿ. ಈಗಿರೋ ಥರ ಹಾಕಕ್ಕಾಗಲ್ಲ. ಆದ್ರೆ ಕೈ ಬಿಡೋ ಲೇಖನಾನೂ ಅಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದ್ಲು ತಪ್ಪು ಹೇಳ್ಬಿಡ್ತೀನಿ. 1999ರ ಚಾಂಪಿಯನ್ಸ್ ಲೀಗ್, ಅಂದ್ರೆ ಯೂರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಮೆಂಟ್, ಅದ್ರ ಫೈನಲಲ್ಲಿ ಕೀನ್ ಮುಂದೆ ನಿಂತು ಮ್ಯಾಂಚೆಸ್ಟರ್ ಯುನೈಟೆಡ್‌ನ ಗೆಲ್ಲಿಸಿದ ಅಂತ ಬರ್ದಿದೀರ, ಅವತ್ತು ಅವನು ಆಡ್ಲೇ ಇಲ್ಲ ಕಣ್ರೀ, ಸಸ್ಪೆಂಡ್ ಆಗಿ ಸೂಟ್ ಹಾಕ್ಕೊಂಡು ಕೂತಿದ್ದ. ನಿಮ್ಗೆ ಬೇಕಾಗಿರೋದು ಅದಕ್ಕೆ ಮುಂಚಿನ ಸೆಮಿಫೈನಲ್. ಇಟಲಿಯ ಟುರಿನ್‌ನಲ್ಲಿ ಅಲ್ಲಿನ ಯುವೆಂಟಸ್ ಟೀಮ್ 11 ನಿಮಿಷದೊಳ್ಗೇ ಎರಡು ಗೋಲು ಹೊಡ್ದಿತ್ತು, ಕೀನ್ ಹೆಡ್ ಮಾಡಿ ಒಂದು ವಾಪಸ್ ತಂದ, ಸ್ವಲ್ಪ ಹೊತ್ತಿಗೆ ಯುವೆಂಟಸ್‌ನ ಜಿಡಾನ್‌ನ ಕೆಡವಿ ಯೆಲ್ಲೋ ಕಾರ್ಡ್ ತಗೊಂಡ, ಹಳೇ ಕಾರ್ಡ್‌ಗಳ ಜೊತೆ ಅದೂ ಸೇರಿ ಫೈನಲ್ ಕೈತಪ್ಪಿ ಹೋಯ್ತು, ಆದ್ರೂ ಮುಖ ಊದಿಸ್ಕೊಂಡು ನಿಲ್ಲದೆ ಕೊನೇವರ್ಗೂ ಓಡ್ತಾನೇ ಇದ್ದ, ಟೀಮ್ 3-2 ಗೆಲ್ತು. ತನ್ಗೆ ಸಿಗಲ್ಲ ಅಂತಾದ್ಮೇಲೂ ಬೇರೆಯವ್ರಿಗೋಸ್ಕರ ಆಡಿದ್ನಲ್ಲ, ಕ್ಯಾಪ್ಟನ್ ಅಂದ್ರೆ ಏನು ಅಂತ ಅಲ್ಲಿ ತೋರ್ಸಬೋದಿತ್ತು. ನೀವು ಅದು ಬಿಟ್ಟು 'ಕೆಂಡಾಮಂಡಲ', 'ಉಗ್ರನರಸಿಂಹ', 'ಜ್ವಾಲಾಮುಖಿ' ಮೂರನ್ನೂ ಒಂದೇ ಪುಟದಲ್ಲಿ ಹಾಕಿದೀರ. ಮೂರನ್ನೂ ತೆಗೀರಿ.

ಇನ್ನು 2002ರ ಸೈಪಾನ್ ಗಲಾಟೆ, ವರ್ಲ್ಡ್ ಕಪ್‌ಗೆ ಮುಂಚೆ ಐರ್ಲೆಂಡ್ ಟೀಮ್ ಪ್ರ್ಯಾಕ್ಟೀಸ್‌ಗೆ ಇಳ್ಕೊಂಡಿದ್ದ ಪೆಸಿಫಿಕ್ ದ್ವೀಪ ಅದು, ಅಲ್ಲಿ ನಡೆದಿದ್ದನ್ನ ಎರಡೇ ಸಾಲಲ್ಲಿ ಮುಗಿಸಿದೀರ. ಪ್ರ್ಯಾಕ್ಟೀಸ್ ಗ್ರೌಂಡ್ ಕಲ್ಲಿನಂಗಿತ್ತು, ಸಾಮಾನು ಸರಿಯಾದ ಟೈಮಿಗೆ ಬಂದಿರ್ಲಿಲ್ಲ, ಅವನು ಹೇಳಿದ್ರಲ್ಲಿ ನಿಜ ಇತ್ತು. ಆದ್ರೆ ಟೀಮ್ ಮೀಟಿಂಗಲ್ಲಿ ಎಲ್ರ ಎದುರು ಕೋಚ್ ಮಿಕ್ ಮೆಕಾರ್ಥಿನ ಬಾಯಿಗ್ ಬಂದಂಗೆ ಬೈದ, ಮೆಕಾರ್ಥಿ ಅವನನ್ನ ವರ್ಲ್ಡ್ ಕಪ್ ಆಡೋಕೆ ಮುಂಚೆನೇ ಮನೆಗೆ ಕಳ್ಸಿಬಿಟ್ರು, ಐರ್ಲೆಂಡ್ ಹುಡುಗ್ರು ಕ್ಯಾಪ್ಟನ್ ಇಲ್ದೇನೇ ಆಡಿ ಎರಡನೇ ಸುತ್ತಲ್ಲಿ ಸ್ಪೇನ್ ಮೇಲೆ ಪೆನಾಲ್ಟೀಲಿ ಸೋತ್ರು. ನನ್ ಪ್ರಕಾರ ದೂರು ಸರಿ, ಹಂಗೆ ಬೈದಿದ್ದು ತಪ್ಪು. ನೀವು 'ಅದು ಓದುಗರಿಗೆ ಬಿಟ್ಟಿದ್ದು' ಅಂತ ಜಾರ್ಕೊಂಡಿದೀರ. ಹಂಗ್ ಮಾಡ್ಬೇಡಿ, ನಿಮ್ಗೆ ಏನನ್ಸುತ್ತೆ ಹೇಳಿ, ನಾನು ಒಪ್ಪದಿದ್ರೂ ಪರ್ವಾಗಿಲ್ಲ.

ಈಗ ನನ್ಗೆ ತುಂಬಾ ಹಿಡಿಸಿದ್ದು. ಎರಡನೇ ಪುಟದಲ್ಲಿ ನಾಲ್ಕೇ ಸಾಲು, ಮಂಡ್ಯ ಸ್ಟೇಡಿಯಂ ಕಾಂಪೌಂಡ್ ಪಕ್ಕ ಶೂ ಬಿಚ್ತಾ ಕೂತಿದ್ದಾಗ ನಿಮ್ ಕ್ಯಾಪ್ಟನ್ನು ಗೋಲ್‌ಕೀಪರ್ ಹುಡುಗನ ಗ್ಲೌಸ್ ಕಿತ್ಕೊಂಡು ಮಣ್ಣಿಗೆ ಎಸ್ದಿದ್ದು, ಆಮೇಲೆ ಬಸ್ ಸ್ಟ್ಯಾಂಡಲ್ಲಿ ಅದೇ ಹುಡುಗನ್ಗೆ ಬೋಂಡ ಕೊಡ್ಸಿ ಮಾತೇ ಆಡ್ದೆ ಪಕ್ಕದಲ್ಲಿ ಕೂತಿದ್ದು. ಓದ್ತಾ ನಂಗೆ ಗಂಟ್ಲು ಕಟ್ತು. ಮ್ಯಾಂಚೆಸ್ಟರ್ ಡ್ರೆಸ್ಸಿಂಗ್ ರೂಮ್ ನೀವೂ ನೋಡಿಲ್ಲ ನಾನೂ ನೋಡಿಲ್ಲ, ಇದನ್ನ ನೀವು ನೋಡಿದೀರ. ಲೇಖನ ಇಲ್ಲಿಂದ ಶುರು ಮಾಡಿ, ಕೀನ್ ಆಮೇಲೆ ಬರ್ಲಿ.

ಆ ಗ್ಲೌಸ್ ಮಣ್ಣಲ್ಲಿ ಬಿದ್ದಾಗ ಮಿಕ್ಕ ಹುಡುಗ್ರು ಏನ್ ಮಾಡಿದ್ರು, ಯಾರು ಎತ್ಕೊಟ್ರು, ಅದನ್ನ ನೀವು ಬರ್ದೇ ಇಲ್ಲ. ನನ್ಗೆ ಅದು ಬೇಕು. ಎಂಟ್ನೂರು ಪದ ದಾಟಿಸ್ಬೇಡಿ, ಮುಂದಿನ ಶನಿವಾರದೊಳ್ಗೆ ಕಳ್ಸಿ.