ಬೆಳಿಗ್ಗೆ ಬಂದರೆ ಬರೀ ಎರರ್!

ಪ್ರಶ್ನೆ: ಆಫೀಸಿನ 80 ವಿಂಡೋಸ್ ಕಂಪ್ಯೂಟರ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರನ್ನು ರಾತ್ರಿ ಸ್ಕ್ರಿಪ್ಟ್ (ತಾನಾಗಿ ಓಡುವ ಕಮಾಂಡ್‌ಗಳ ಪಟ್ಟಿ) ಮೂಲಕ ಹಾಕಿದೆವು. ಬೆಳಿಗ್ಗೆ ಅರ್ಧಕ್ಕರ್ಧ ಕಡೆ ‘ವಿಸಿರನ್‌ಟೈಮ್140.ಡಿಎಲ್‌ಎಲ್ ಇಲ್ಲ’ ಎಂಬ ಎರರ್. ಒಂದೊಂದೇ ಟೇಬಲ್‌ಗೆ ಹೋಗಿ ‘ನೆಕ್ಸ್ಟ್’ ಒತ್ತಿ ಸಾಕಾಗಿದೆ. ಬೇರೆ ದಾರಿ ಇದೆಯಾ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಓಡಾಟ ಬೇಡ ಬಿಡಿ. ಆ ಫೈಲ್ ಬರುವುದು ಮೈಕ್ರೋಸಾಫ್ಟ್‌ನ ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ (ಬೇರೆ ಸಾಫ್ಟ್‌ವೇರ್‌ಗಳು ಓಡಲು ಬೇಕಾದ ಫೈಲ್‌ಗಳ ಪ್ಯಾಕೇಜ್) ಜೊತೆ. ಕೆಲವು ಕಂಪ್ಯೂಟರ್‌ಗಳಲ್ಲಿ ಬೇರೆ ಯಾವುದೋ ಸಾಫ್ಟ್‌ವೇರ್ ಅದನ್ನು ಮೊದಲೇ ತಂದು ಹಾಕಿರುತ್ತದೆ, ಉಳಿದ ಕಡೆ ಇರುವುದಿಲ್ಲ, ಅಷ್ಟೇ. ಸ್ಕ್ರಿಪ್ಟ್‌ನಲ್ಲಿ ಮೊದಲು ಅದರ ಇನ್‌ಸ್ಟಾಲರನ್ನು /ಇನ್‌ಸ್ಟಾಲ್ /ಕ್ವೈಟ್ /ನೋರೀಸ್ಟಾರ್ಟ್ ಎಂಬ ಮೂರು ಸ್ವಿಚ್, ಅಂದರೆ ಏನೂ ಕೇಳದೆ, ರೀಸ್ಟಾರ್ಟ್ ಮಾಡದೆ ಹಾಕು ಎನ್ನುವ ಸೂಚನೆ ಕೊಟ್ಟು (ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ) ಅಡ್ಮಿನ್ ಹಕ್ಕಿನಲ್ಲಿ ಓಡಿಸಿ, ಅದು ಮುಗಿಯುವ ತನಕ ಕಾದು, ಆಮೇಲೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸಿ.

ಜಾಸ್ತಿ ಜನ ಎಡವುವುದು ಎಕ್ಸಿಟ್ ಕೋಡ್‌ನಲ್ಲಿ, ಅಂದರೆ ಇನ್‌ಸ್ಟಾಲರ್ ಮುಗಿದಾಗ ಫಲಿತಾಂಶ ಹೇಳುವ ಸಂಖ್ಯೆಯಲ್ಲಿ. 0 ಬಂದರೆ ಸರಿ. 3010 ಬಂದರೂ ಕೆಲಸ ಆಗಿದೆ, ರೀಸ್ಟಾರ್ಟ್ ಮಾತ್ರ ಬಾಕಿ. 1638 ಅಂದರೆ ಸಾಮಾನ್ಯವಾಗಿ ಇನ್ನೂ ಹೊಸ ಆವೃತ್ತಿ ಆಗಲೇ ಇದೆ ಎಂದು. 0 ಅಲ್ಲದ್ದನ್ನೆಲ್ಲ ಫೇಲ್ ಅಂತ ಬರೆದರೆ ಸುಮ್ನೆ ತಲೆನೋವು ಅಲ್ವಾ?

ಅಂದಹಾಗೆ, ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ 32 ಬಿಟ್‌ನದಾದರೆ, ವಿಂಡೋಸ್ 64 ಬಿಟ್ ಇದ್ದರೂ ರೀಡಿಸ್ಟ್ರಿಬ್ಯೂಟಬಲ್‌ನ ಎಕ್ಸ್86 (32 ಬಿಟ್) ಪ್ಯಾಕೇಜೇ ಬೇಕು.