ಕಂಟೇನರ್ ಒಳಗೊಂದು ವರ್ಕ್‌ಶಾಪ್: ನೀವು ಕೇಳಿದ್ದು, ನಾವು ಹೇಳಿದ್ದು

ಹಳೆ ಹಡಗಿನ ಕಂಟೇನರನ್ನು ಕೆಲಸದ ಕೋಣೆ ಮಾಡಿಕೊಳ್ಳುವ ಬಗ್ಗೆ ಈ ಸಲ ಪ್ರಶ್ನೆಗಳ ರಾಶಿಯೇ ಬಂದಿದೆ. ಒಂದೇ ಥರದವನ್ನು ಒಟ್ಟು ಮಾಡಿದ್ದೇನೆ. ನಾನೂ ಇಂಥದ್ದೇ ಡಬ್ಬಿಯೊಳಗೆ ಮರಗೆಲಸ ಮಾಡುವವನು, ಮಾಡಬಾರದ ತಪ್ಪುಗಳನ್ನೆಲ್ಲ ಮಾಡಿ ಮುಗಿಸಿದ್ದೇನೆ. ಹಾಗಾಗಿ ಉತ್ತರ ಸ್ವಲ್ಪ ಖಾರವಾಗಿದ್ದರೆ ಅದು ನನ್ನ ಮೇಲಿನ ಸಿಟ್ಟು ಅಂದುಕೊಳ್ಳಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಂಟೇನರ್ ನೋಡೋಕೆ ಹೋಗ್ತಿದ್ದೇನೆ. 20 ಅಡಿಯದ್ದು ಸಾಕಾ, 40 ಬೇಕಾ? ಏನೇನು ನೋಡಬೇಕು?

ಉದ್ದದ ಬಗ್ಗೆ ಎಲ್ಲರೂ ಯೋಚನೆ ಮಾಡುತ್ತಾರೆ, ಎತ್ತರದ ಬಗ್ಗೆ ಯಾರೂ ಮಾಡಲ್ಲ. ಎರಡರಲ್ಲೂ ಒಳಗಿನ ಅಗಲ ಒಂದೇ, ಸುಮಾರು 2.35 ಮೀಟರ್. 20 ಅಡಿಯದ್ದರ ಒಳ ಉದ್ದ 5.9 ಮೀಟರ್, 40 ಅಡಿಯದ್ದು 12 ಮೀಟರ್. ಮಾಮೂಲಿ ಕಂಟೇನರಿನ ಒಳ ಎತ್ತರ 2.39 ಮೀಟರ್. ಎಂಟು ಅಡಿಯ ಪ್ಲೈವುಡ್ ಹಾಳೆ 2.44 ಮೀಟರ್. ಅಂದರೆ ಒಂದು ಹಾಳೆಯನ್ನು ನೆಟ್ಟಗೆ ನಿಲ್ಲಿಸೋಕೂ ಆಗಲ್ಲ. ಮೇಲೆ ಶಾಖ ತಡೆಯುವ ಪದರ, ಲೈಟು ಎಲ್ಲ ಹಾಕಿದ ಮೇಲಂತೂ ಕೈ ಎತ್ತಿದರೆ ಸೂರು. ಅದಕ್ಕೇ ಹೈ ಕ್ಯೂಬ್ ಅನ್ನುವ ಒಂದಡಿ ಜಾಸ್ತಿ ಎತ್ತರದ್ದು ಸಿಕ್ಕಿದರೆ ಬಿಡಬೇಡಿ. ಒಳಗೆ ಸುಮಾರು 2.69 ಮೀಟರ್ ಸಿಗುತ್ತದೆ. 40 ಅಡಿಯದ್ದರಲ್ಲಿ ಇದು ಸುಲಭವಾಗಿ ಸಿಗುತ್ತದೆ, 20ರಲ್ಲಿ ಹುಡುಕಬೇಕು.

ನೋಡೋಕೆ ಒಬ್ಬರೇ ಹೋಗಬೇಡಿ. ನೀವು ಒಳಗೆ ಹೋಗಿ, ಜೊತೆಯವರು ಹೊರಗಿಂದ ಎರಡೂ ಬಾಗಿಲು ಹಾಕಲಿ. ಟಾರ್ಚ್ ಆರಿಸಿ, ಕಣ್ಣು ಕತ್ತಲೆಗೆ ಒಗ್ಗುವವರೆಗೆ ಎರಡು ನಿಮಿಷ ಸುಮ್ನೆ ನಿಂತುಕೊಳ್ಳಿ. ಎಲ್ಲೆಲ್ಲಿ ತೂತಿದೆಯೋ ಅಲ್ಲೆಲ್ಲ ನಕ್ಷತ್ರದ ಹಾಗೆ ಬೆಳಕು ಕಾಣುತ್ತದೆ. ಎಲ್ಲಕ್ಕಿಂತ ಸುಲಭದ ಪರೀಕ್ಷೆ ಇದೇ, ಖರ್ಚಿಲ್ಲ.

ಗೋಡೆ ಮೇಲಿನ ಕೆಂಪು ತುಕ್ಕಿಗೆ ಹೆದರಬೇಡಿ. ಕಂಟೇನರಿಗೆ ಬಳಸುವ ಕಾರ್ಟೆನ್ ಉಕ್ಕು ಮೇಲ್ಮೈಯಲ್ಲಿ ತುಕ್ಕು ಹಿಡಿದರೂ ಒಳಗೆ ಇಳಿಯುವುದು ನಿಧಾನ. ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಪುಡಿ ಉದುರಿದರೆ ಪರವಾಗಿಲ್ಲ, ಹಪ್ಪಳದ ಹಾಗೆ ಪದರ ಪದರ ಎದ್ದು ಬಂದರೆ ಬೇಡ. ಮುಖ್ಯವಾಗಿ ನೆಲದ ಕೆಳಗೆ ಬಗ್ಗಿ ಅಡ್ಡ ಕಬ್ಬಿಣಗಳನ್ನು ನೋಡಿ. ಮಾರುವವರು ಗೋಡೆಗೆ ಹೊಸ ಬಣ್ಣ ಬಳಿದಿರುತ್ತಾರೆ, ಹೊಟ್ಟೆಯಡಿಗೆ ಯಾರು ಬಳಿಯುತ್ತಾರೆ? ಸೂರಿನ ಮೇಲೆ ತಗ್ಗಿದ್ದರೆ ಅಲ್ಲಿ ನೀರು ನಿಂತು ತೂತಾಗುವುದು ಗ್ಯಾರಂಟಿ, ಅದನ್ನೂ ಹತ್ತಿ ನೋಡಿ.

ಪ್ರಶ್ನೆ: ಒಳಗೆ ಹೋದರೆ ಏನೋ ಔಷಧಿ ವಾಸನೆ. ನೆಲದ ಹಲಗೆ ಉಜ್ಜಿ ಪಾಲಿಶ್ ಮಾಡಿಬಿಡಲಾ?

ದಯವಿಟ್ಟು ಉಜ್ಜಬೇಡಿ. ಆ ನೆಲ 28 ಮಿಲಿಮೀಟರ್ ದಪ್ಪದ ಪ್ಲೈವುಡ್, ಹುಳ ಹಿಡಿಯಬಾರದು ಅಂತ ಹೆಚ್ಚಿನವಕ್ಕೆ ಕೀಟನಾಶಕ ಕುಡಿಸಿರುತ್ತಾರೆ. ಉಜ್ಜಿದರೆ ಆ ಧೂಳೆಲ್ಲ ನಿಮ್ಮ ಮೂಗಿಗೇ. ಬಾಗಿಲ ಮೇಲೆ ಒಂದು ಲೋಹದ ಫಲಕ ಇರುತ್ತದಲ್ಲ, ತಯಾರಾದ ತಿಂಗಳು ಮತ್ತು ವರ್ಷದ ಜೊತೆಗೆ ಮರಕ್ಕೆ ಯಾವ ಔಷಧಿ ಹಾಕಿದ್ದಾರೆ ಅನ್ನುವುದೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಅದರ ಜೊತೆಗೆ ಎಷ್ಟೋ ವರ್ಷ ಏನೇನು ಸರಕು ಚೆಲ್ಲಿದೆಯೋ ಬಲ್ಲವರಾರು.

ಸೋಪು ನೀರಲ್ಲಿ ತೊಳೆದು, ಬಾಗಿಲು ತೆರೆದಿಟ್ಟು ಚೆನ್ನಾಗಿ ಒಣಗಿಸಿ, ಮೇಲೆ ಎಪಾಕ್ಸಿ ಅನ್ನುವ ಗಟ್ಟಿಯಾಗುವ ರಾಳದ ಬಣ್ಣವನ್ನು ಎರಡು ಕೋಟು ಬಳಿಯಿರಿ. ಬೇಕಿದ್ದರೆ ಅದರ ಮೇಲೆ ತೆಳು ಪ್ಲೈ ಹಾಸಿ. ಎಣ್ಣೆ ಕಲೆಯಿರುವ, ವಾಸನೆ ಹೋಗದ ಹಲಗೆಯನ್ನು ಮಾತ್ರ ಕಿತ್ತು ಬದಲಾಯಿಸಿ.

ಪ್ರಶ್ನೆ: ನೆಲದ ಮೇಲೆ ಹಾಗೇ ಇಟ್ಟರೆ ಆಗಲ್ವಾ? ಅಡಿಪಾಯ ಬೇಕೇ ಬೇಕಾ?

ನನ್ನದನ್ನು ಮೊದಲು ಹಾಗೇ ಇಟ್ಟಿದ್ದೆ. ಗಟ್ಟಿ ನೆಲ, ಏನಾಗುತ್ತೆ ಅಂತ. ಒಂದು ಮಳೆಗಾಲ ಕಳೆದ ಮೇಲೆ ಬಲಗಡೆ ಬಾಗಿಲು ಮುಚ್ಚೋಕೆ ಒಪ್ಪಲಿಲ್ಲ. ಕೀಲಿಗೆ ಎಣ್ಣೆ ಬಿಟ್ಟೆ. ಸುತ್ತಿಗೆಯಿಂದ ಬಡಿದೆ. ರಬ್ಬರ್ ಪಟ್ಟಿ ಉಬ್ಬಿದೆ ಅಂತ ಅದನ್ನೂ ಒಂದು ಕಡೆ ಕೆತ್ತಿದೆ, ಆಮೇಲೆ ಅಲ್ಲಿಂದಲೇ ನೀರು ಬಂತು. ಕೊನೆಗೆ ನೋಡಲು ಬಂದ ಗೆಳೆಯ ಬಾಗಿಲನ್ನು ಮುಟ್ಟಲೂ ಇಲ್ಲ, ಹಿಂದೆ ಹೋಗಿ ಬಗ್ಗಿ ನೋಡಿ "ಈ ಮೂಲೆ ಕೂತಿದೆ ನೋಡು" ಅಂದ. ಎರಡು ಬೆರಳಿನಷ್ಟು. ಜಾಕ್ ಕೊಟ್ಟು ಆ ಮೂಲೆ ಎತ್ತಿದ್ದೇ ತಡ, ಬಾಗಿಲು ಒಂದೇ ಕೈಯಲ್ಲಿ ಮುಚ್ಚಿಕೊಂಡಿತು.

ಕಂಟೇನರ್ ಭಾರವೆಲ್ಲ ನಿಲ್ಲುವುದು ನಾಲ್ಕು ಮೂಲೆಯ ಮೇಲೆ. ಹಡಗಿನಲ್ಲಿ ಒಂದರ ಮೇಲೊಂದು ಪೇರಿಸುವುದೂ ಅದೇ ಮೂಲೆಗಳ ಮೇಲೆ. ಒಂದು ಮೂಲೆ ಕೂತರೆ ಇಡೀ ಚೌಕಟ್ಟು ತಿರುಚಿಕೊಳ್ಳುತ್ತದೆ, ಮೊದಲು ಗೊತ್ತಾಗುವುದು ಬಾಗಿಲಲ್ಲಿ. ನಾಲ್ಕು ಮೂಲೆಗೆ ನಾಲ್ಕು ಕಾಂಕ್ರೀಟ್ ದಿಮ್ಮಿ, ಸುತ್ತ ಜಲ್ಲಿ, ಇಷ್ಟಾದರೆ 20 ಅಡಿಯದ್ದಕ್ಕೆ ಸಾಕು. 40 ಅಡಿಗೆ ನಡುವೆಯೂ ಎರಡು ಕೊಡಿ. ನೆಲದಿಂದ ಒಂದು ಗೇಣಾದರೂ ಮೇಲಿರಲಿ, ಅಡಿಯಲ್ಲಿ ಗಾಳಿಯಾಡಬೇಕು. ಖಾಲಿ 20 ಅಡಿಯದ್ದೇ ಎರಡು ಟನ್ ದಾಟುತ್ತದೆ, ಆಮೇಲೆ ಎತ್ತಿ ಸರಿಮಾಡುವುದು ಸುಲಭವಲ್ಲ. ಕ್ರೇನ್ ಬರುವ ಮೊದಲು ಮೇಲೆ ಕರೆಂಟ್ ತಂತಿ ಇದೆಯಾ ಅಂತಲೂ ಒಮ್ಮೆ ತಲೆಯೆತ್ತಿ ನೋಡಿ.

ಪ್ರಶ್ನೆ: ಬೆಳಗ್ಗೆ ಬಂದು ನೋಡಿದರೆ ಸೂರಿನಿಂದ ನೀರು ತೊಟ್ಟಿಕ್ಕಿರುತ್ತದೆ. ಮಳೆಯೇ ಇಲ್ಲ! ಎಲ್ಲಾ ಕಡೆ ಸೀಲಂಟ್ ಹಚ್ಚಿದೆ, ಇನ್ನೂ ಜಾಸ್ತಿ ಆಯ್ತು. ಉಪಕರಣಗಳೆಲ್ಲ ತುಕ್ಕು.

ಜಾಸ್ತಿ ಆಗಿದ್ದು ಸೀಲಂಟ್ ಹಚ್ಚಿದ್ದಕ್ಕೇ. ಅದು ಸೋರಿಕೆ ಅಲ್ಲ, ಬೆವರು. ಅನ್ನ ಬೆಂದ ಪಾತ್ರೆಯ ಮುಚ್ಚಳ ಎತ್ತಿದರೆ ಒಳಗಡೆ ಹನಿ ಕೂತಿರುತ್ತಲ್ಲ, ಅದೇ ಕತೆ. ಒಳಗಿನ ಗಾಳಿ 25 ಡಿಗ್ರಿ ಇದ್ದು ತೇವಾಂಶ ನೂರಕ್ಕೆ 70 ಇದ್ದರೆ, ತಗಡು 19 ಡಿಗ್ರಿಗೆ ಇಳಿದ ಕ್ಷಣದಿಂದ ಅದರ ಮೇಲೆ ನೀರು ಕೂರೋಕೆ ಶುರು. ರಾತ್ರಿ ಆಕಾಶಕ್ಕೆ ಬೆನ್ನು ಕೊಟ್ಟು ಮಲಗಿದ ಎರಡು ಮಿಲಿಮೀಟರ್ ತಗಡು ತಣ್ಣಗಾಗೋಕೆ ಎಷ್ಟು ಹೊತ್ತು? ನೀವು ತೂತೆಲ್ಲ ಮುಚ್ಚಿ ಆ ತೇವ ಹೊರಗೆ ಹೋಗುವ ದಾರಿಯನ್ನೂ ಮುಚ್ಚಿಬಿಟ್ಟಿರಿ.

ತೇವ ಎಲ್ಲಿಂದ ಬರುತ್ತೆ ಅಂತ ಮೊದಲು ನೋಡಿ. ಹಸಿ ಮರ ಒಳಗೆ ಪೇರಿಸಿದ್ದೀರಾ? ಅದೊಂದೇ ಸಾಕು. ಚಳಿಗೆ ಸೀಮೆಎಣ್ಣೆ ಅಥವಾ ಗ್ಯಾಸ್ ಹೀಟರ್ ಹಚ್ಚುತ್ತೀರಾ? ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರೇ ಆವಿಯಾಗಿ ಬರುತ್ತದೆ. ಜೊತೆಗೆ ಮುಚ್ಚಿದ ಡಬ್ಬಿಯಲ್ಲಿ ಅದರ ಹೊಗೆ ಪ್ರಾಣಕ್ಕೇ ಅಪಾಯ, ಅದನ್ನು ಇವತ್ತೇ ಹೊರಗಿಡಿ.

ಆಮೇಲೆ ಗಾಳಿ. ಗೋಡೆಯ ಮೇಲ್ತುದಿಯಲ್ಲಿ ಕಂಪನಿಯವರೇ ಕೊಟ್ಟಿರುವ ಪುಟ್ಟ ಕಿಂಡಿಗಳನ್ನು ನಂಬಬೇಡಿ, ಅವು ಒಳಗಿನ ಒತ್ತಡ ಸರಿತೂಗಿಸೋಕೆ ಇರುವಂಥವು, ಮನುಷ್ಯ ಕೆಲಸ ಮಾಡೋಕಲ್ಲ. ಒಂದು ತುದಿಯಲ್ಲಿ ಕೆಳಗಡೆ ಗಾಳಿ ಬರುವ ಜಾಲರಿ, ಎದುರು ತುದಿಯಲ್ಲಿ ಮೇಲುಗಡೆ ಎಕ್ಸಾಸ್ಟ್ ಫ್ಯಾನ್ ಹಾಕಿ. ಎರಡನ್ನೂ ಒಂದೇ ಕಡೆ ಹಾಕಿದರೆ ಬಂದ ಗಾಳಿ ಬಂದ ದಾರಿಯಲ್ಲೇ ಹೋಗುತ್ತದೆ, ಉಳಿದರ್ಧ ಕೋಣೆ ಹಾಗೇ ಕೊಳೆಯುತ್ತದೆ.

ಕೊನೆಗೆ ತಗಡಿನ ಹೊದಿಕೆ. ಹೆಚ್ಚಿನವರು ಎಡವುವುದು ಇಲ್ಲೇ. ಗಾಜಿನ ಉಣ್ಣೆ ತುರುಕಿ ಮೇಲೆ ಪ್ಲೈ ಬಡಿದು ಆಯ್ತು ಅಂದುಕೊಳ್ಳುತ್ತಾರೆ. ತೇವದ ಗಾಳಿ ಆ ಉಣ್ಣೆಯೊಳಗಿಂದ ನುಗ್ಗಿ ತಗಡಿನ ಬೆನ್ನಿಗೆ ತಾಗಿ ಅಲ್ಲೇ ನೀರಾಗುತ್ತದೆ, ಉಣ್ಣೆ ನೆನೆದು ಕೂರುತ್ತದೆ, ನಿಮ್ಮ ಕಣ್ಣಿಗೆ ಮಾತ್ರ ಏನೂ ಕಾಣಲ್ಲ. ಎರಡು ವರ್ಷ ಬಿಟ್ಟು ಪ್ಲೈ ತೆಗೆದರೆ ಹಿಂದೆ ಗೋಡೆಯೇ ತುಕ್ಕು. ತಗಡಿಗೂ ಹೊದಿಕೆಗೂ ನಡುವೆ ಗಾಳಿ ಸುಳಿಯಲೇಬಾರದು. ಅದಕ್ಕೆ ತಗಡಿಗೇ ಅಂಟಿಕೊಳ್ಳುವ, ನೀರಾವಿ ಸುಲಭವಾಗಿ ಬಿಟ್ಟುಕೊಡದ ಕ್ಲೋಸ್ಡ್ ಸೆಲ್ ಸ್ಪ್ರೇ ಫೋಮ್ ಒಳ್ಳೆಯದು. ಗಟ್ಟಿ ಫೋಮ್ ಹಾಳೆ ಅಂಟಿಸುವುದಾದರೆ ಸಂದುಗಳಿಗೆಲ್ಲ ಟೇಪು ಬೇಕು. ಎಲ್ಲಕ್ಕೂ ದುಡ್ಡು ಸಾಲದಿದ್ದರೆ ಸೂರಿಗೊಂದು ಮಾಡಿ, ಗೋಡೆ ಆಮೇಲೆ. ಬಿಸಿಲಿನ ಕಾಟವಿದ್ದರೆ ಮೇಲೆ ಒಂದಡಿ ಬಿಟ್ಟು ಇನ್ನೊಂದು ಶೀಟಿನ ಚಪ್ಪರ ಹಾಕಿ, ಭಾರ ಮಾತ್ರ ನಾಲ್ಕು ಮೂಲೆಯ ಮೇಲೇ ಬೀಳಬೇಕು.

ಪ್ರಶ್ನೆ: ಉದ್ದದ ಗೋಡೆಯಲ್ಲಿ ದೊಡ್ಡ ಬಾಗಿಲು, ಎರಡು ಕಿಟಕಿ ಬೇಕು. ಕಬ್ಬಿಣ ಕತ್ತರಿಸುವ ಗ್ರೈಂಡರ್ ಇದೆ. ನಾನೇ ಕತ್ತರಿಸಲಾ?

ಕತ್ತರಿಸಿ, ಆದರೆ ಇರಬೇಕಾದ ಜಾಗದಲ್ಲಿ ಇಟ್ಟು ಮಟ್ಟ ಮಾಡಿದ ಮೇಲೆ. ಮೊದಲೇ ಕತ್ತರಿಸಿ ಆಮೇಲೆ ಕ್ರೇನಿನಲ್ಲಿ ಎತ್ತಿದರೆ ಬಳುಕುತ್ತದೆ.

ಆ ಗೋಡೆ ಬರೀ ಪರದೆಯಲ್ಲ. ತಗಡಿನ ದಪ್ಪ 1.6 ಮಿಲಿಮೀಟರ್ ಆಸುಪಾಸು ಅಷ್ಟೇ, ಆದರೆ ಏಣು ಏಣಾಗಿ ಮಡಿಸಿರುವುದರಿಂದ ಇಡೀ ಪೆಟ್ಟಿಗೆ ಪಕ್ಕಕ್ಕೆ ವಾಲದಂತೆ, ನಡುವೆ ಜೋಲದಂತೆ ಹಿಡಿದಿರುವುದು ಅದೇ. ಮೇಲಿನ ಅಂಚಿನ ಉದ್ದ ಪಟ್ಟಿ ನೋಡೋಕೆ ಗಟ್ಟಿ, ನಿಜಕ್ಕೂ ಅದೊಂದು ಸಣ್ಣ ಚದರ ಪೈಪು. ಕೆಳಗಿನ ಗೋಡೆ ತೆಗೆದರೆ ಅದೊಂದೇ ಸೂರನ್ನು ಹೊರಲಾರದು. ಕಿಟಕಿ, ಒಂದಾಳು ಹೋಗುವ ಬಾಗಿಲು ಇಷ್ಟಕ್ಕೆ ಸುತ್ತ 50 ಮಿಲಿಮೀಟರ್ ಚದರ ಪೈಪಿನ ಚೌಕಟ್ಟು ಬೆಸೆದರೆ ಸಾಕು. ಅರ್ಧ ಗೋಡೆಯೇ ತೆರೆಯಬೇಕು ಅಂದರೆ ಮೇಲೊಂದು ತೊಲೆ, ಎರಡು ಕಡೆ ಕಂಬ ಬೇಕು, ಅದನ್ನು ಲೆಕ್ಕ ಗೊತ್ತಿರುವ ಎಂಜಿನಿಯರ್ ಹೇಳಬೇಕು, ನಾನಲ್ಲ. ಮತ್ತೆ ಅದು ಹಡಗು ಹತ್ತುವ ಆಸೆಯಿದ್ದರೆ ಬಿಟ್ಟುಬಿಡಿ.

ಚೌಕಟ್ಟನ್ನು ಮೊದಲೇ ತಯಾರಿಸಿಕೊಂಡು, ಅದನ್ನೇ ಗೋಡೆಗೆ ಹಿಡಿದು ಗೆರೆ ಎಳೆದು, ಒಂದೊಂದೇ ಬದಿ ಕತ್ತರಿಸಿ. ಚೌಕಟ್ಟಿನ ಮೇಲುಗಡೆ ತಗಡಿನ ಪ್ರತಿ ತಗ್ಗಿನಲ್ಲೂ ಒಂದೊಂದು ಬಟ್ಟಲು ಉಳಿಯುತ್ತದೆ, ಗೋಡೆಯಿಂದ ಇಳಿದ ನೀರೆಲ್ಲ ಅಲ್ಲೇ ನಿಲ್ಲುತ್ತದೆ. ಅಲ್ಲಿ ಇಳಿಜಾರಾಗಿ ತಗಡಿನ ತುಂಡು ಬೆಸೆದು ಮುಚ್ಚಿ. ನಾನು ಬರೀ ಸೀಲಂಟ್ ಮೆತ್ತಿದ್ದೆ, ಅದು ಬಿಸಿಲಿಗೆ ಬಿರಿಯಿತು.

ಇನ್ನೊಂದು ವಿಷಯ. ಗ್ರೈಂಡರಿನಿಂದ ಹಾರಿದ ಕಿಡಿ ಬಣ್ಣದ ಮೇಲೆ ಕೂತು ಮಾರನೇ ದಿನಕ್ಕೇ ಕೆಂಪು ಚುಕ್ಕೆಯಾಗುತ್ತದೆ. ಅವತ್ತೇ ಗುಡಿಸಿ, ಒರೆಸಿ, ಕತ್ತರಿಸಿದ ಅಂಚಿಗೆ ಪ್ರೈಮರ್ ಹಚ್ಚಿ ಮಲಗಿ. ಹಳೆ ಬಣ್ಣದಲ್ಲಿ ಸೀಸ, ಕ್ರೋಮೇಟ್‌ನಂಥ ವಿಷ ಇರುವ ಸಾಧ್ಯತೆ ಇರುತ್ತದೆ. ಒಳ್ಳೆ ಮಾಸ್ಕ್ ಇಲ್ಲದೆ ಉಜ್ಜಬೇಡಿ, ಸುಡಬೇಡಿ.

ಏನೇ ಆಗಲಿ, ಒಳಗಿನಿಂದ ತೆಗೆಯಬಹುದಾದ ಆ ಸಣ್ಣ ಬಾಗಿಲನ್ನು ಮೊದಲು ಹಾಕಿಸಿ. ಕಂಟೇನರಿನ ದೊಡ್ಡ ಬಾಗಿಲಿನ ಅಗುಳಿ ಇರುವುದು ಹೊರಗೆ ಮಾತ್ರ. ಯಾರೋ ಗೊತ್ತಿಲ್ಲದೆ ಹಾಕಿಕೊಂಡು ಹೋದರೆ ಒಳಗಿರುವವರ ಗತಿ? ಅಲ್ಲಿಯವರೆಗೆ ಬಾಗಿಲನ್ನು ಹಿಂದಕ್ಕೆ ಮಡಚಿ ಸರಪಳಿ ಕಟ್ಟಿ, ಬೀಗ ನಿಮ್ಮ ಜೇಬಿನಲ್ಲಿರಲಿ.

ಪ್ರಶ್ನೆ: ಎಕ್ಸ್‌ಟೆನ್ಶನ್ ಬೋರ್ಡ್ ಎಳೆದುಕೊಂಡರೆ ಸಾಲದಾ?

ಸಾಲದು. ನೀವು ನಿಂತಿರುವುದು ಕಬ್ಬಿಣದ ಡಬ್ಬಿಯೊಳಗೆ. ಎಲ್ಲೋ ಒಂದು ವೈರಿನ ಸಿಪ್ಪೆ ಸವೆದು ಗೋಡೆಗೆ ತಾಗಿದರೆ ಇಡೀ ಕಂಟೇನರಿಗೇ ಕರೆಂಟು. ಪೆಟ್ಟಿಗೆಗೆ ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ತಕ್ಷಣ ಲೈನು ಕಡಿಯುವ ಸ್ವಿಚ್ಚು), ವೈರುಗಳಿಗೆ ಪೈಪು, ತಗಡು ದಾಟುವ ಕಡೆ ರಬ್ಬರ್ ಬುಷ್. ಇದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಲೈಟಿನ ಲೈನು, ಮೆಷಿನಿನ ಲೈನು ಬೇರೆ ಬೇರೆ ಇರಲಿ. ಗರಗಸ ತಿರುಗುತ್ತಿರುವಾಗ ಫ್ಯೂಸ್ ಹಾರಿ ಕತ್ತಲಾದರೆ ಬೆರಳು ಉಳಿಯಲ್ಲ.

ಪ್ರಶ್ನೆ: ವೆಲ್ಡಿಂಗೂ ಮರಗೆಲಸವೂ ಎರಡೂ ಒಂದೇ ಕಂಟೇನರಿನಲ್ಲಿ ಮಾಡಬಹುದಾ?

ಮರದ ಪುಡಿ, ಗೋಡೆಯಲ್ಲಿ ಫೋಮ್, ಜೊತೆಗೆ ಕಿಡಿ. ಬೇಡ. ವೆಲ್ಡಿಂಗ್ ಹೊರಗೆ, ಬಾಗಿಲ ಮುಂದೆ ಶೀಟು ಇಳಿಸಿಕೊಂಡು ಮಾಡಿ. ಫೋಮ್ ಹೊಡೆದ ಗೋಡೆಗೆ ಹೊರಗಡೆಯಿಂದಲೂ ಬೆಸೆಯಬೇಡಿ, ಬಿಸಿ ಒಳಗೆ ದಾಟಿ ಹೊತ್ತಿಕೊಳ್ಳುತ್ತದೆ, ಆ ಹೊಗೆ ವಿಷ. ಬೆಸೆಯುವುದನ್ನೆಲ್ಲ ಫೋಮಿಗಿಂತ ಮೊದಲೇ ಮುಗಿಸಿ.

ಪ್ರಶ್ನೆ: ಇಷ್ಟು ಕಿರಿದಾದ ಜಾಗದಲ್ಲಿ ಬೆಂಚು ಎಲ್ಲಿ ಹಾಕೋದು?

ಒಂದೇ ಬದಿಗೆ. ಎರಡೂ ಕಡೆ 60 ಸೆಂಟಿಮೀಟರಿನ ಬೆಂಚು ಹಾಕಿದರೆ ನಡುವೆ ಉಳಿಯುವುದು ಒಂದು ಮೀಟರ್ ಚಿಲ್ಲರೆ, ಹಲಗೆ ಹಿಡಿದು ತಿರುಗೋಕೂ ಆಗಲ್ಲ. ಎದುರು ಗೋಡೆಗೆ ಒಂದು ಗೇಣು ಆಳದ ಶೆಲ್ಫ್ ಸಾಕು. ಟೇಬಲ್ ಗರಗಸಕ್ಕೆ ಚಕ್ರ ಹಾಕಿ, ದೊಡ್ಡ ಬಾಗಿಲಿಗೆ ನೇರವಾಗಿ ನಿಲ್ಲಿಸಿ. ಉದ್ದ ಹಲಗೆಯ ಅರ್ಧ ಹೊರಗಿದ್ದರೆ ಏನೀಗ? ಸಣ್ಣಪುಟ್ಟ ಸಾಮಾನು ತೂಗುಹಾಕೋಕೆ ಗೋಡೆಗೆ ತೂತು ಹೊಡೆಯಬೇಡಿ, ಹೊದಿಕೆ ಹಾಕದ ತಗಡಿಗೆ ಆಯಸ್ಕಾಂತದ ಕೊಕ್ಕೆ ಚೆನ್ನಾಗಿ ಹಿಡಿಯುತ್ತದೆ. ಮೇಲಂಚಿನಲ್ಲಿ ಸರಕು ಬಿಗಿಯೋಕೆ ಬಳೆಗಳಿರುತ್ತವಲ್ಲ, ಅವಕ್ಕೆ ಕೇಬಲ್ ಸಿಕ್ಕಿಸಿ.

ಪ್ರಶ್ನೆ: 40 ಅಡಿಯದ್ದನ್ನು ನಡುವೆ ಕತ್ತರಿಸಿ ಎರಡು ಮಾಡಿಕೊಂಡರೆ?

ಮಾಡಬಹುದು, ಮಾಡಬೇಡಿ. ನಡುವೆ ಮೂಲೆಗಂಬಗಳೇ ಇಲ್ಲವಲ್ಲ. ಎರಡೂ ತುಂಡಿಗೆ ಒಂದೊಂದು ಕಡೆ ಹೊಸ ಚೌಕಟ್ಟು, ಹೊಸ ಗೋಡೆ, ಒಂದಕ್ಕೆ ಹೊಸ ಬಾಗಿಲು. ಅಷ್ಟು ಕೆಲಸಕ್ಕೆ 20 ಅಡಿಯವೇ ಎರಡು ತನ್ನಿ, ಎದುರುಬದುರು ಇಟ್ಟು ನಡುವೆ ಚಪ್ಪರ ಹಾಕಿ. ಮೇಲೆ ಕೇಳಿದವರ ವೆಲ್ಡಿಂಗಿಗೂ ಜಾಗವಾಯಿತು.