ಯೂರಿಯಾ ಚೀಲದ ಹಿಂದಿನ ಯುದ್ಧ

ಮಳವಳ್ಳಿ ಕಡೆಯ ನಿವೃತ್ತ ಶಿಕ್ಷಕರೊಬ್ಬರ ಪತ್ರ: 'ಕಳೆದ ಸಂಚಿಕೆಯ ಗೊಬ್ಬರದ ಲೇಖನದಲ್ಲಿ ಜರ್ಮನಿಯ ಫ್ರಿಟ್ಸ್ ಹೇಬರ್ ಅವರನ್ನು ಅನ್ನದಾತ ಎಂದಿದ್ದೀರಿ. ವಿಷಗಾಳಿ ಬಿಡಿಸಿದವನು ಅನ್ನದಾತ ಹೇಗಾದ? ಅಮೋನಿಯ ತಯಾರಿಸಿದ್ದೇ ಯುದ್ಧಕ್ಕಾಗಿ ಎಂದು ಕೇಳಿದ್ದೇನೆ. ನಾವು ಗದ್ದೆಗೆ ಎರಚುತ್ತಿರುವುದು ಮದ್ದುಗುಂಡಿನ ಮಿಕ್ಕಿದ್ದನ್ನೇ?'

ಮೇಷ್ಟ್ರೇ,

ನಿಮ್ಮ ಮೊದಲ ಆಕ್ಷೇಪ ನ್ಯಾಯವಾದದ್ದು. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು, ಬೆಲ್ಜಿಯಂನ ಈಪರ್ ಬಳಿ ಜರ್ಮನ್ ಸೇನೆ ಐದು ಸಾವಿರಕ್ಕೂ ಹೆಚ್ಚು ಸಿಲಿಂಡರುಗಳಿಂದ ಕ್ಲೋರಿನ್ ಎಂಬ ವಿಷಗಾಳಿ ಬಿಟ್ಟಾಗ ಅದರ ಏರ್ಪಾಟು ನೋಡಿಕೊಂಡವರು ಹೇಬರ್. ಇದನ್ನು ಬಿಟ್ಟು ಅವರ ಬಗ್ಗೆ ಬರೆದದ್ದು ನಮ್ಮ ತಪ್ಪು. 'ಅನ್ನದಾತ' ಎಂಬ ಮಾತನ್ನು ಹಿಂತೆಗೆದುಕೊಳ್ಳುತ್ತಿದ್ದೇವೆ. ಅದು ಉಳುವವನಿಗೇ ಇರಲಿ.

ಆದರೆ ಯೂರಿಯಾಕ್ಕೆ ಮೂಲವಾದ ಅನಿಲ ಅಮೋನಿಯವನ್ನು ತಯಾರಿಸುವ ವಿಧಾನ ಯುದ್ಧಕ್ಕಾಗಿ ಹುಟ್ಟಿತು ಎಂಬುದು ಸರಿಯಲ್ಲ. ಆಗ ಯುರೋಪಿನ ಹೊಲಗಳಿಗೆ ಸಾರಜನಕ ಬರುತ್ತಿದ್ದದ್ದು ಬಹುಪಾಲು ಚಿಲಿ ದೇಶದ ಮರುಭೂಮಿಯಲ್ಲಿ ಅಗೆದ ನೈಟ್ರೇಟ್ ಎಂಬ ಲವಣದಿಂದ. ಅದು ತೀರಿಹೋದರೆ ಗೋಧಿಗೆ ಏನು ಗತಿ ಎಂದು 1898ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಕ್ರೂಕ್ಸ್ ಎಚ್ಚರಿಸಿದ್ದರು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದ್ದರೂ ಪೈರಿಗೆ ಅದು ದಕ್ಕುವುದಿಲ್ಲ. ಹೇಬರ್ 1909ರ ಜುಲೈನಲ್ಲಿ ಜರ್ಮನಿಯ ರಾಸಾಯನಿಕ ಕಂಪನಿ ಬಿಎಎಸ್‌ಎಫ್‌ನವರ ಮುಂದೆ ಆ ಸಾರಜನಕವನ್ನು ಜಲಜನಕದೊಂದಿಗೆ ಕೂಡಿಸಿ, ಅಮೋನಿಯವನ್ನು ಹನಿಹನಿಯಾಗಿ ಇಳಿಸಿ ತೋರಿಸಿದರು.

ಆ ಹನಿಯನ್ನು ಕಾರ್ಖಾನೆಯ ಸರಕಾಗಿ ಮಾಡಿದವರು ಅದೇ ಕಂಪನಿಯ ಕಾರ್ಲ್ ಬಾಷ್. ಇವರ ಹೆಸರು ನಮ್ಮ ಲೇಖನದಲ್ಲಿ ಬರಲೇ ಇಲ್ಲ, ಅದೂ ನನ್ನನ್ನು ಕಾಡುತ್ತಿದೆ. ಅಮೋನಿಯ ತಯಾರಾಗಲು ಬೇಕಾದದ್ದು ಗಾಳಿಯ ಒತ್ತಡದ ಇನ್ನೂರರಷ್ಟು ಒತ್ತಡ, ಐನೂರು ಡಿಗ್ರಿ ಕಾವು. ಬಾಷ್ ಕಟ್ಟಿಸಿದ ಉಕ್ಕಿನ ಕೊಳವೆಗಳು ಸುಮಾರು 80 ಗಂಟೆ ದುಡಿದು ಒಡೆದುಹೋದವು. ಕತ್ತರಿಸಿ ನೋಡಿದರೆ, ಜಲಜನಕ ಉಕ್ಕಿನೊಳಗೆ ಹೊಕ್ಕು ಅದರ ಇಂಗಾಲವನ್ನು ತಿಂದುಹಾಕಿತ್ತು. ಉಕ್ಕು ಪೆಡಸಾಗಿ ನಿಂತಿತ್ತು. ಬಾಷ್ ಒಳಗಡೆ ಇಂಗಾಲವಿಲ್ಲದ ಮೆದು ಕಬ್ಬಿಣದ ಒಳಕವಚ ಕೂರಿಸಿದರು. ಹೊರಗಿನ ಗಟ್ಟಿ ಉಕ್ಕಿಗೆ ಸಣ್ಣ ತೂತು ಕೊರೆಸಿ, ನುಸುಳಿದ ಜಲಜನಕ ಹೊರಗೆ ಹೋಗುವಂತೆ ಮಾಡಿದರು. ಇಷ್ಟೇ ಉಪಾಯ. 1913ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಒಪ್ಪಾವು ಊರಿನ ಕಾರ್ಖಾನೆ ಗೊಬ್ಬರಕ್ಕೆಂದೇ ಶುರುವಾಯಿತು.

ಹನ್ನೊಂದು ತಿಂಗಳಿಗೆ ಯುದ್ಧ ಬಂತು. ಚಿಲಿಯಿಂದ ಜರ್ಮನಿಗೆ ನೈಟ್ರೇಟ್ ತರುವ ಹಡಗುಗಳನ್ನು ಬ್ರಿಟಿಷ್ ನೌಕಾಪಡೆ ತಡೆಯಿತು. ಸಿಡಿಮದ್ದಿಗೆ ನೈಟ್ರಿಕ್ ಆಮ್ಲ ಬೇಕು, ಆಮ್ಲಕ್ಕೆ ನೈಟ್ರೇಟ್ ಬೇಕು. ಅಮೋನಿಯವನ್ನು ಗಾಳಿಯೊಂದಿಗೆ ಉರಿಸಿದರೆ ಅದೇ ಆಮ್ಲ ಸಿಗುತ್ತದೆ. 1915ರ ಮೇ ಹೊತ್ತಿಗೆ ಒಪ್ಪಾವಿನಲ್ಲಿ ಆ ಕೆಲಸ ನಡೆಯುತ್ತಿತ್ತು. 1917ರಲ್ಲಿ ಜರ್ಮನಿಯದೇ ಲಾಯ್ನಾ ಊರಿನಲ್ಲಿ ಇನ್ನೂ ದೊಡ್ಡ ಕಾರ್ಖಾನೆ ಎದ್ದಿತು. ಒಲೆ ಅದೇ, ಕೊಳವೆ ಅದೇ, ಕೊನೆಯ ಪಾತ್ರೆ ಮಾತ್ರ ಬೇರೆ. ಇದಿಲ್ಲದಿದ್ದರೆ ಜರ್ಮನಿ ನಾಲ್ಕು ವರ್ಷ ಕಾದಾಡಲು ಆಗುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಅಷ್ಟು ಮಟ್ಟಿಗೆ ನಿಮ್ಮ ಸಂಶಯ ನಿಜ.

ಯುದ್ಧ ಮುಗಿದರೂ ಒಪ್ಪಾವಿಗೆ ನೆಮ್ಮದಿ ಬರಲಿಲ್ಲ. ಗಟ್ಟಿಯಾದ ಗೊಬ್ಬರದ ರಾಶಿ ಸಡಿಲಿಸಲು ಅಲ್ಲಿ ಸಣ್ಣ ಸಿಡಿತ ಮಾಡುವುದು ರೂಢಿ. 1921ರ ಸೆಪ್ಟೆಂಬರ್ 21ರ ಬೆಳಿಗ್ಗೆ ರಾಶಿಯೇ ಸಿಡಿದು ಐನೂರಕ್ಕೂ ಹೆಚ್ಚು ಜನ ಸತ್ತರು.

ಇನ್ನು ನಿಮ್ಮ ಗದ್ದೆಯ ಮಾತು. ಯೂರಿಯಾ ಮದ್ದುಗುಂಡಿನ ಮಿಕ್ಕಿದ್ದಲ್ಲ. ಅಮೋನಿಯಕ್ಕೆ ಇಂಗಾಲದ ಡೈಆಕ್ಸೈಡ್ ಸೇರಿಸಿ ಗೊಬ್ಬರವಾಗಿಯೇ ತಯಾರಿಸಿದ್ದು. ನಿಮ್ಮ 45 ಕಿಲೋ ಚೀಲದ ಮೇಲೆ 46 ಎಂದು ಅಚ್ಚಾಗಿರುವುದು ಅದರಲ್ಲಿರುವ ಸಾರಜನಕದ ಶೇಕಡ. ಇಂದು ಜಗತ್ತಿನ ಹೆಚ್ಚುಕಡಿಮೆ ಅರ್ಧ ಜನರ ಊಟ ಈ ಅಮೋನಿಯದ ಮೇಲೆ ನಿಂತಿದೆ ಎಂಬುದು ವಿಜ್ಞಾನಿಗಳ ಅಂದಾಜು. ಅದನ್ನು ಬೇಡ ಎನ್ನುವ ಧೈರ್ಯ ನನಗಿಲ್ಲ. ಬೇಕಾದ್ದಕ್ಕಿಂತ ಹೆಚ್ಚು ಸುರಿದು ಬಾವಿಯ ನೀರು ಕೆಡಿಸುವುದನ್ನು ಒಪ್ಪಲೂ ಆಗದು.

ಒಂದು ವಿಷಯ ನಿಮಗೆ ಹತ್ತಿರದ್ದು: ಭಾರತದಲ್ಲಿ ಅಮೋನಿಯ ತಯಾರಿಕೆಗೆ ಮೊದಲು ಕೈಹಾಕಿದ ಕಾರ್ಖಾನೆಗಳಲ್ಲಿ ಒಂದು ನಿಮ್ಮ ಜಿಲ್ಲೆಯ ಬೆಳಗೊಳದ್ದು, ಮೈಸೂರು ಸಂಸ್ಥಾನದ ಕಾಲದಲ್ಲಿ. ಅಲ್ಲಿ ದುಡಿದವರ ಮನೆಯವರು ಯಾರಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ಬರೆಯಿರಿ. ತಿದ್ದುಪಡಿಯನ್ನು ಮುಂದಿನ ಸಂಚಿಕೆಯ ಮೊದಲ ಪುಟದಲ್ಲೇ ಹಾಕುತ್ತೇವೆ.

– ಸಂಪಾದಕ